ಪ್ರತಿ ವರ್ಷ ಡಿಎಪಿ ಗೊಬ್ಬರ ಹಾಕಿದರೂ ರಾಗಿ ಇಳುವರಿ ಇಳಿಯುತ್ತಿದೆ, ಹೊಲಕ್ಕೆ ಏನಾಗಿದೆ?

ಬೆದ್ಲು_ಹೊಲ
ಎಲ್ಲರಿಗೂ ನಮಸ್ಕಾರ. ನಾಗಮಂಗಲ ತಾಲ್ಲೂಕಿನಲ್ಲಿ, ಬೆಳ್ಳೂರು ಕಡೆ, ನಮಗೆ ಮೂರು ಎಕರೆ ಕೆಮ್ಮಣ್ಣಿನ ಹೊಲ ಇದೆ. ಬೋರ್ ಇಲ್ಲ, ಮಳೆಯೇ ಗತಿಯಾದ ಬೆದ್ದಲು. ಅಪ್ಪ ತೀರಿಕೊಂಡ ಮೇಲೆ 2014ರಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ವಾರವೆಲ್ಲ ಮೈಸೂರಿನಲ್ಲಿ ಕೆಲಸ, ಶನಿವಾರ ಭಾನುವಾರ ಹೊಲ.

ಪ್ರತಿ ವರ್ಷ ರಾಗಿಯೇ. ಬಿತ್ತನೆಗೆ ಎಕರೆಗೆ ಒಂದು ಮೂಟೆ ಡಿಎಪಿ, ಆಮೇಲೆ ಮಳೆ ನೋಡಿಕೊಂಡು ಅರ್ಧ ಮೂಟೆ ಯೂರಿಯಾ. ಮೊದಮೊದಲು ಎಕರೆಗೆ ಹತ್ತು ಕ್ವಿಂಟಾಲ್ ಬರುತ್ತಿತ್ತು. ಹೋದ ಸಲ ಮಳೆ ಚೆನ್ನಾಗಿಯೇ ಇತ್ತು, ಬಂದದ್ದು ಆರೂವರೆ. ಕೆಳಗಿನ ಎಲೆಗಳ ಅಂಚು ಸುಟ್ಟ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು.

ಮಣ್ಣು ಪರೀಕ್ಷೆ ಮಾಡಿಸಿದೆ. ಪಿಎಚ್ 5.6, ಸಾವಯವ ಇಂಗಾಲ ಶೇ. 0.31. ಹೆಕ್ಟೇರಿಗೆ ಸಾರಜನಕ 190 ಕೆಜಿ, ರಂಜಕ 68, ಪೊಟ್ಯಾಷ್ 118. ಸತು 0.4 ಪಿಪಿಎಂ. 2016ರ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಪೊಟ್ಯಾಷ್ 210 ಇತ್ತು. ರಂಜಕದ ಮುಂದೆ 'ಹೆಚ್ಚು' ಅಂತ ಬರೆದಿದ್ದಾರೆ. ಹಾಗಿದ್ದರೂ ಬೆಳೆ ಯಾಕೆ ಸೊರಗುತ್ತಿದೆ? ಒಂದು ವಿಚಿತ್ರ ಅಂದರೆ, ನಮ್ಮ ಹಳೇ ತಿಪ್ಪೆ ಇದ್ದ ಮೂಲೆಯಲ್ಲಿ ಮಾತ್ರ ರಾಗಿ ಈಗಲೂ ಸೊಂಟದೆತ್ತರ ಬರುತ್ತದೆ.

ಮುದ್ದೆ_ಬಸ್ಸಾರು
ತಿಪ್ಪೆ ಜಾಗದಲ್ಲಿ ಚೆನ್ನಾಗಿದೆ ಅಂತ ನೀವೇ ಹೇಳುತ್ತಿದ್ದೀರಿ. ಉತ್ತರ ಅಲ್ಲೇ ಇದೆ ಅಲ್ವಾ ಅಣ್ಣ?

ನಾಲೆ_ಬಯಲು
ಮೊದಲು ಒಂದು ಪ್ರಶ್ನೆ. ಪರೀಕ್ಷೆಗೆ ಮಣ್ಣು ಹೇಗೆ ತೆಗೆದಿರಿ? ನಮ್ಮೂರಲ್ಲಿ ಒಂದು ಸಲ ಹನ್ನೆರಡು ಜನರ ಕಾರ್ಡಿನಲ್ಲಿ ಒಂದೇ ಅಂಕಿ ಬಂದಿತ್ತು. ನನ್ನದು ಕಬ್ಬಿನ ಗದ್ದೆ, ಪಕ್ಕದವರದು ಹುರುಳಿ ಹೊಲ. ಎರಡೂ ಅಣ್ಣತಮ್ಮಂದಿರ ಹಾಗೆ ಒಂದೇ! ಅವತ್ತಿಂದ ನಾನು ಕಾರ್ಡು ನಂಬುವುದಿಲ್ಲ.

ಬೆದ್ಲು_ಹೊಲ
ಬದುವಿನ ಪಕ್ಕ ಒಂದು ಕಡೆ ಅಗೆದು ಕವರಿಗೆ ಹಾಕಿಕೊಟ್ಟೆ. ತಪ್ಪಾಯಿತಾ?

ಮಣ್ಣಿನ_ಮೇಷ್ಟ್ರು
ತಪ್ಪೇ. ಬದು, ಮರದ ನೆರಳು, ತಿಪ್ಪೆ ಜಾಗ, ಗೊಬ್ಬರ ಸುರಿದ ಸಾಲು, ಇವನ್ನೆಲ್ಲ ಬಿಡಬೇಕು. ಅಂಕುಡೊಂಕಾಗಿ ನಡೆಯುತ್ತಾ ಎಂಟು ಹತ್ತು ಕಡೆ ಆರು ಇಂಚು ಆಳಕ್ಕೆ 'ವಿ' ಆಕಾರದಲ್ಲಿ ಗುಂಡಿ ತೆಗೆಯಿರಿ. ಗುಂಡಿಯ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪ ಕೆರೆಯಿರಿ. ಎಲ್ಲವನ್ನೂ ಗೋಣಿಚೀಲದ ಮೇಲೆ ಹರಡಿ ಬೆರೆಸಿ. ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಚೆಲ್ಲಿ. ಅರ್ಧ ಕೆಜಿ ಉಳಿಯುವ ತನಕ ಇದೇ ಕೆಲಸ. ಬಿಸಿಲಲ್ಲಿ ಒಣಗಿಸಬೇಡಿ, ನೆರಳಲ್ಲಿ ಆರಿಸಿ.

ಆದರೂ ನಿಮ್ಮ ಅಂಕಿಗಳನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಮ್ಮಣ್ಣಿನ ಬೆದ್ದಲಲ್ಲಿ ಇಂಗಾಲ 0.3 ಅನ್ನುವುದು ಮಾಮೂಲಿ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ಅಂಚು ಸುಟ್ಟ ಎಲೆ, ಅದೂ ಕೆಳಗಿನ ಹಳೇ ಎಲೆ ಅಂದರೆ ಪೊಟ್ಯಾಷ್ ಕೊರತೆ. ಗಿಡ ಹಳೇ ಎಲೆಯಿಂದ ಕಿತ್ತು ಹೊಸ ಎಲೆಗೆ ಕೊಡುತ್ತದೆ, ಅದಕ್ಕೇ ಮೊದಲು ಕೆಳಗಿನದು ಸಾಯುವುದು.

ಒಂದು ಕೇಳಬೇಕು. ರಾಗಿ ಹುಲ್ಲು ಏನು ಮಾಡುತ್ತೀರಿ?

ಬೆದ್ಲು_ಹೊಲ
ಮಾರುತ್ತೇನೆ ಸರ್. 2018ರಲ್ಲಿ ಅಮ್ಮನಿಗೆ ಮಂಡಿನೋವು ಜಾಸ್ತಿಯಾಯಿತು, ಎರಡು ಹಸು ಇದ್ದವು, ಕೊಟ್ಟುಬಿಟ್ಟೆವು. ಆಮೇಲೆ ಹುಲ್ಲನ್ನು ಹಾಲಿನ ಹಸು ಸಾಕುವವರು ಟ್ರ್ಯಾಕ್ಟರ್ ತಂದು ಹೊಲದಿಂದಲೇ ತುಂಬಿಕೊಂಡು ಹೋಗುತ್ತಾರೆ. ಎಕರೆಗೆ ಒಂದೂವರೆ ಟನ್ ಅಂದುಕೊಳ್ಳಿ. ಒಳ್ಳೇ ದುಡ್ಡು ಬರುತ್ತದೆ, ಸುಳ್ಳು ಹೇಳುವುದಿಲ್ಲ.

ಮಣ್ಣಿನ_ಮೇಷ್ಟ್ರು
ಅಲ್ಲಿಗೆ ಬಂತು ನೋಡಿ. ರಾಗಿ ಗಿಡ ಎತ್ತಿಕೊಂಡ ಪೊಟ್ಯಾಷ್‌ನಲ್ಲಿ ಹೆಚ್ಚಿನ ಪಾಲು ಕಾಳಲ್ಲಿ ಇರುವುದಿಲ್ಲ, ಹುಲ್ಲಲ್ಲಿ ಇರುತ್ತದೆ. ಒಂದು ಟನ್ ಹುಲ್ಲಿಗೆ ಹತ್ತು ಕೆಜಿ ಪೊಟ್ಯಾಷ್ ಅಂತ ಕೈ ಬಿಗಿ ಹಿಡಿದೇ ಲೆಕ್ಕ ಹಾಕೋಣ. ಎಕರೆಗೆ ವರ್ಷಕ್ಕೆ ಹದಿನೈದು ಕೆಜಿ ಟ್ರ್ಯಾಕ್ಟರ್ ಹತ್ತಿ ಹೋಯಿತು. ಅಂಗಡಿಯ ಪೊಟ್ಯಾಷ್ ಗೊಬ್ಬರ ಎಂಒಪಿ, ಅದರ 50 ಕೆಜಿ ಮೂಟೆಯಲ್ಲಿ ಇರುವುದು 30 ಕೆಜಿ. ಅಂದರೆ ನೀವು ಪ್ರತಿ ವರ್ಷ ಹುಲ್ಲಿನ ಜೊತೆ ಎಕರೆಗೆ ಅರ್ಧ ಮೂಟೆ ಪೊಟ್ಯಾಷ್ ಪುಕ್ಕಟೆ ಕೊಟ್ಟು ಕಳಿಸಿದ್ದೀರಿ. ತಿರುಗಿ ಹಾಕಿದ್ದು ಸೊನ್ನೆ. ಡಿಎಪಿಯಲ್ಲೂ ಪೊಟ್ಯಾಷ್ ಇಲ್ಲ, ಯೂರಿಯಾದಲ್ಲೂ ಇಲ್ಲ. ಮಣ್ಣಿನ ಒಳಗಿನ ದಾಸ್ತಾನು ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತಾ ಬಂದಿದೆ, ಇಲ್ಲದಿದ್ದರೆ 118 ಅಲ್ಲ, ಇನ್ನೂ ಕೆಳಗಿರುತ್ತಿತ್ತು.

ಮೊದಲು ಅದೇ ಹುಲ್ಲು ಹಸು ಹೊಟ್ಟೆಗೆ, ಸಗಣಿ ಗಂಜಲ ತಿಪ್ಪೆಗೆ, ತಿಪ್ಪೆ ಹೊಲಕ್ಕೆ. ಸುತ್ತು ಮುಗಿಯುತ್ತಿತ್ತು. ಹಸು ಕೊಟ್ಟ ದಿನ ಸುತ್ತು ಹರಿಯಿತು.

ಇನ್ನು ರಂಜಕ. ಒಂದು ಮೂಟೆ ಡಿಎಪಿಯಲ್ಲಿ 23 ಕೆಜಿ ರಂಜಕ. ಎಂಟು ಕ್ವಿಂಟಾಲ್ ರಾಗಿ ಅದರ ಅರ್ಧವನ್ನೂ ಎತ್ತುವುದಿಲ್ಲ. ಉಳಿದದ್ದು ಕೂಡುತ್ತಾ ಹೋಯಿತು. ಕೆಮ್ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಸ್ವಲ್ಪ ಹಿಡಿದಿಟ್ಟುಕೊಂಡಿರುತ್ತದೆ. ರಂಜಕ ಅತಿಯಾದರೆ ಸತು ಸಿಗದ ಹಾಗೆ ಬೇರೆ ಮಾಡುತ್ತದೆ. ನಿಮ್ಮ ಸತು 0.4, ಇರಬೇಕಾದ್ದು 0.6ರ ಮೇಲೆ. ಈ ವರ್ಷ ಡಿಎಪಿ ನಿಲ್ಲಿಸಿ, ಏನೂ ಆಗುವುದಿಲ್ಲ.

ನಾಲೆ_ಬಯಲು
ಮೇಷ್ಟ್ರೇ, ಡಿಎಪಿ ನಿಲ್ಲಿಸಿ ಅಂತ ಅಂಗಡಿಯವನ ಮುಂದೆ ಹೇಳಿಬಿಟ್ಟೀರಿ, ಹುಷಾರು 😄

ಹಳ್ಳಿಕಾರ್_ಜೋಡಿ
ನಾನು ಬಡ್ಕೊಳ್ಳೋದು ಇದನ್ನೇ. ದನ ಇಲ್ಲದ ಬೇಸಾಯ ಬೇಸಾಯವೇ ಅಲ್ಲ. ಒಂದು ಜೊತೆ ಎತ್ತು ಇಟ್ಟುಕೊಳ್ಳಿ ಸರ್. ಉಳುಮೆಗೂ ಆಯಿತು, ಗೊಬ್ಬರಕ್ಕೂ ಆಯಿತು.

ಸೋಮನಹಳ್ಳಿ_ಸೊಸೆ
ಎತ್ತು ಇಟ್ಟುಕೊಳ್ಳಿ ಅನ್ನುವವರು ಗಂಡಸರೇ. ಬೆಳಿಗ್ಗೆ ಐದಕ್ಕೆ ಸಗಣಿ ಬಾಚಿ, ಮಂಕರಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ತಿಪ್ಪೆಗೆ ಹಾಕುವವರು ಯಾರು? ಅವರ ಅಮ್ಮನ ಮಂಡಿ ಹೋಗಿದ್ದು ಸುಮ್ನೆ ಅಲ್ಲ.

ಹಳ್ಳಿಕಾರ್_ಜೋಡಿ
ಅಕ್ಕಾ, ನಮ್ಮ ಮನೆಯಲ್ಲಿ ನಾನೇ ಬಾಚುವುದು. ಬೇಕಿದ್ದರೆ ಫೋಟೋ ಹಾಕುತ್ತೇನೆ.

ಸೋಮನಹಳ್ಳಿ_ಸೊಸೆ
ಹಾಕಿ, ನೋಡೋಣ.

ಕೃಷಿ_ಓದು_ಮಂಡ್ಯ
ನಾನು ಕೃಷಿ ಓದುತ್ತಿರುವ ವಿದ್ಯಾರ್ಥಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲಿ ಒಣ ಬೇಸಾಯದ ತಾಕಿನಲ್ಲಿ 1978ರಿಂದ ಒಂದೇ ಜಾಗದಲ್ಲಿ ರಾಗಿ ಪ್ರಯೋಗ ನಡೆಯುತ್ತಿದೆ. ನಿಮ್ಮದೇ ಥರ ಕೆಮ್ಮಣ್ಣು, ಮಳೆ ಆಶ್ರಯ. ಒಂದು ತಾಕಿಗೆ ಬರೀ ಸಾರಜನಕ-ರಂಜಕ-ಪೊಟ್ಯಾಷ್ ಗೊಬ್ಬರ, ಅಂದರೆ ಎನ್‌ಪಿಕೆ, ಇನ್ನೊಂದಕ್ಕೆ ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಜೊತೆಗೆ ಎನ್‌ಪಿಕೆ. ಬರೀ ರಾಸಾಯನಿಕ ಗೊಬ್ಬರದ್ದು ವರ್ಷ ಕಳೆದಂತೆ ಇಳಿಯಿತು. ಎರಡೂ ಸೇರಿಸಿದ್ದು ನಿಂತಿತು. ಪ್ರತಿ ವರ್ಷ ರಾಗಿಯೇ ಹಾಕಿದ್ದಕ್ಕಿಂತ ಒಂದು ವರ್ಷ ಕಡಲೇಕಾಯಿ, ಒಂದು ವರ್ಷ ರಾಗಿ ಹಾಕಿದ್ದು ಚೆನ್ನಾಗಿತ್ತು.

ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯಲ್ಲೂ 1976ರಿಂದ ಒಂದು ಪ್ರಯೋಗ ಇದೆ. ನೀರು ನಿಲ್ಲಿಸುವ ವ್ಯವಸ್ಥೆ, ಬೇಳೆಕಾಳು, ಸರಿಯಾದ ಗೊಬ್ಬರ ಎಲ್ಲ ಸೇರಿದ ಕಡೆ ಹೆಕ್ಟೇರಿಗೆ ಸರಾಸರಿ 5.1 ಟನ್ ಇಳುವರಿ, ಹಳೇ ಪದ್ಧತಿಯಲ್ಲಿ 1.1 ಟನ್.

ನಾಲೆ_ಬಯಲು
ಅದು ಎರೆ ಮಣ್ಣು ತಮ್ಮ. ಎರೆ ಮಣ್ಣು ನೀರನ್ನೂ ಹಿಡಿಯುತ್ತದೆ, ಸತ್ವವನ್ನೂ ಹಿಡಿಯುತ್ತದೆ. ನಾಗಮಂಗಲದ ಕೆಮ್ಮಣ್ಣು ಜರಡಿ ಇದ್ದ ಹಾಗೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಕೃಷಿ_ಓದು_ಮಂಡ್ಯ
ಒಪ್ಪಿದೆ ಅಣ್ಣ. ಅದಕ್ಕೇ ಮೊದಲು ಜಿಕೆವಿಕೆಯದನ್ನು ಹೇಳಿದ್ದು.

ಬೆದ್ಲು_ಹೊಲ
10 ಟನ್ ಹೆಕ್ಟೇರಿಗೆ ಅಂದರೆ ಎಕರೆಗೆ 4 ಟನ್. ಮೂರು ಎಕರೆಗೆ 12. ಎಲ್ಲಿಂದ ತರಲಿ?

ಮಣ್ಣಿನ_ಮೇಷ್ಟ್ರು
ಹಸು ದಿನಕ್ಕೆ 10 ಕೆಜಿ ಸಗಣಿ ಹಾಕಿದರೆ ವರ್ಷಕ್ಕೆ ಮೂರೂವರೆ ಟನ್ ಹಸಿ ಸಗಣಿ. ಕೊಳೆತು ಗೊಬ್ಬರವಾಗುವಾಗ ಅರ್ಧಕ್ಕೆ ಇಳಿಯುತ್ತದೆ. ಹನ್ನೆರಡು ಟನ್‌ಗೆ ಆರೇಳು ದನ ಬೇಕು. ಮೂರು ಎಕರೆ ಬೆದ್ದಲಿನ ಹುಲ್ಲು ಅಷ್ಟು ದನಕ್ಕೆ ಸಾಲುವುದಿಲ್ಲ. ಹಿಂದೆ ಸಾಲುತ್ತಿತ್ತು, ಯಾಕೆಂದರೆ ಗೋಮಾಳ ಇತ್ತು. ದನ ಗೋಮಾಳದಲ್ಲಿ ಮೇದು ರಾತ್ರಿ ನಿಮ್ಮ ಕೊಟ್ಟಿಗೆಯಲ್ಲಿ ಸಗಣಿ ಹಾಕುತ್ತಿತ್ತು. ಅಂದರೆ ಗೋಮಾಳದ ಸತ್ವ ನಡೆದುಕೊಂಡು ನಿಮ್ಮ ಹೊಲಕ್ಕೆ ಬರುತ್ತಿತ್ತು. 'ಹಿಂದಿನವರು ಗೊಬ್ಬರ ಕೊಳ್ಳದೇ ಬೆಳೆಯುತ್ತಿದ್ದರು' ಅನ್ನುವವರು ಈ ಭಾಗವನ್ನು ಮರೆಯುತ್ತಾರೆ.

ನೆಲದ_ನಂಟು
ಇಷ್ಟೆಲ್ಲ ತಲೆಬಿಸಿ ಬೇಡ. ಒಂದು ನಾಟಿ ಹಸು ಸಾಕು. 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದೇ ಜೀವಾಮೃತ, ಹೊಲಕ್ಕೆ ಹಾಕಿ, ಮಣ್ಣಿನಲ್ಲಿ ಎಲ್ಲಾ ಇದೆ, ಜೀವಾಣು ತೆಗೆದುಕೊಡುತ್ತದೆ.

ಮುದ್ದೆ_ಬಸ್ಸಾರು
ಬಂದರಪ್ಪ, ಎಲ್ಲಿದ್ದರು ಇಷ್ಟೊತ್ತು ಅಂದುಕೊಂಡೆ.

ಮಣ್ಣಿನ_ಮೇಷ್ಟ್ರು
ನಿಮ್ಮ ಡ್ರಮ್ಮಿನಲ್ಲಿರುವ ಸಾರಜನಕ ಇನ್ನೂರು ಗ್ರಾಂ ಆಸುಪಾಸು. ಎಕರೆ ರಾಗಿಗೆ ಬೇಕಾದ್ದು ಕೆಜಿಗಳ ಲೆಕ್ಕದಲ್ಲಿ. ಜೀವಾಣು ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೂ ತಿನ್ನಲು ಇಂಗಾಲ ಬೇಕು. 0.31 ಇರುವ ಹೊಲದಲ್ಲಿ ಅದು ಏನು ತಿನ್ನಬೇಕು? ಅಡುಗೆಯವನನ್ನು ಕರೆಸಿ ಅಕ್ಕಿ ಬೇಳೆ ಕೊಡದೆ ಊಟ ಹಾಕು ಅಂದ ಹಾಗಾಯಿತು.

ನೆಲದ_ನಂಟು
ಜೀವಾಮೃತದ ಜೊತೆ ನೆಲಕ್ಕೆ ಸೊಪ್ಪುಸದೆಯ ಮುಚ್ಚಿಗೆಯೂ ಇರಬೇಕು, ಅದನ್ನು ಹೇಳುವುದು ಬಿಟ್ಟೆ. ನನ್ನ ತೆಂಗಿನ ತೋಟ ಬಂದು ನೋಡಿ. ಗರಿ, ಮಟ್ಟೆ, ಸಿಪ್ಪೆ ಒಂದೂ ಆಚೆ ಹೋಗುವುದಿಲ್ಲ. ಒದ್ದರೆ ಮಣ್ಣು ಪುಡಿಪುಡಿ.

ಮಣ್ಣಿನ_ಮೇಷ್ಟ್ರು
ಅದನ್ನು ಒಪ್ಪುತ್ತೇನೆ. ನಿಮ್ಮ ತೋಟ ಚೆನ್ನಾಗಿರುವುದು ಏನೂ ಆಚೆ ಹೋಗದೇ ಇರುವುದಕ್ಕೆ. ಡ್ರಮ್ಮಿನ ಪಾಲು ಎಷ್ಟು ಅನ್ನುವುದರಲ್ಲಿ ಮಾತ್ರ ನಮ್ಮಿಬ್ಬರ ಜಗಳ.

ಕೋಟೆ_ಶುಂಠಿ
ನಮ್ಮ ಎಚ್.ಡಿ. ಕೋಟೆ ಕಡೆ ಬೇರೆಯದೇ ಕಥೆ. ಎರಡು ಎಕರೆ ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆ. ಕೋಳಿ ಗೊಬ್ಬರ, ಮೂಟೆಗಟ್ಟಲೆ ಕಾಂಪ್ಲೆಕ್ಸ್ ಗೊಬ್ಬರ, ಔಷಧಿ, ಏನು ಹಾಕಿದರೋ ಲೆಕ್ಕವಿಲ್ಲ. ಮುಂದಿನ ವರ್ಷ ಅದೇ ಜಾಗದಲ್ಲಿ ಜೋಳ ಹಾಕಿದೆ, ಏನು ಬೆಳೆ ಅಂತೀರಿ, ಊರೆಲ್ಲ ಬಂದು ನೋಡಿದರು. ಎರಡನೇ ವರ್ಷ ಪರವಾಗಿಲ್ಲ. ಮೂರನೇ ವರ್ಷ ನೆಲ ಕಾಂಕ್ರೀಟು. ನೇಗಿಲು ಇಳಿಯುತ್ತಿಲ್ಲ. ಏರುಮಡಿ ಮಾಡುವಾಗ ಕೆಳಗಿನ ಮಣ್ಣನ್ನು ಮೇಲೆ ಎಳೆದಿದ್ದರು, ಮೇಲ್ಮಣ್ಣು ಮಳೆಗೆ ಹಳ್ಳ ಸೇರಿತು. ಗುತ್ತಿಗೆ ದುಡ್ಡು ಆಗಲೇ ಖರ್ಚಾಗಿತ್ತು.

ನಾಲೆ_ಬಯಲು
ನೀರಾವರಿಯವರೂ ಸುಖವಾಗಿಲ್ಲ ಬಿಡಿ. ಕನ್ನಂಬಾಡಿ ಕಟ್ಟೆ ಆಗಿ ನಾಲೆ ಬರುವ ಮುಂಚೆ ಮಂಡ್ಯದ ಸುತ್ತ ನಮ್ಮ ತಾತಂದಿರದೂ ರಾಗಿ ಹುರುಳಿಯೇ. ನೀರು ಬಂತು, 1933ರಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಬಂತು, ಕಬ್ಬು ಕಬ್ಬು ಕಬ್ಬು. ಒಂದು ಟನ್ ಕಬ್ಬು ಸುಮಾರು ಎರಡು ಕೆಜಿ ಪೊಟ್ಯಾಷ್ ಎತ್ತುತ್ತದೆ. ಎಕರೆಗೆ 50 ಟನ್ ಅಂದರೆ ನೂರು ಕೆಜಿ. ಕಟಾವಾದ ಮೇಲೆ ತರಗಿಗೆ ಬೆಂಕಿ. ಸಾರಜನಕ, ಗಂಧಕ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ಗಾಳಿಗೆ ಪಕ್ಕದವನ ಗದ್ದೆಗೆ. ನಾನೂ ಹದಿನೈದು ವರ್ಷ ಸುಟ್ಟವನೇ.

ತಗ್ಗಿನ ಗದ್ದೆಗಳಲ್ಲಿ ಇನ್ನೊಂದು ಕಾಟ, ಚೌಳು. ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಚಿಮುಕಿಸಿದ ಹಾಗೆ ಕಾಣುತ್ತದೆ. ನೀರು ಹಾಯಿಸುವುದು ಗೊತ್ತು, ಬಸಿಯುವುದು ಗೊತ್ತಿಲ್ಲ. ಬಸಿಗಾಲುವೆ ತೆಗೆಯೋಣ ಅಂದರೆ ಕೆಳಗಿನ ಗದ್ದೆಯವನು ದೊಣ್ಣೆ ಹಿಡಿದು ಬರುತ್ತಾನೆ.

ಮುದ್ದೆ_ಬಸ್ಸಾರು
ಇಂಡಾಫ್ ರಾಗಿ ತಳಿ ಬಂದಾಗ ನಮ್ಮ ಅಜ್ಜ ಅದನ್ನು ರೂಪಿಸಿದ ವಿಜ್ಞಾನಿ 'ರಾಗಿ' ಲಕ್ಷ್ಮಣಯ್ಯನವರನ್ನು ನೋಡಲು ಮಂಡ್ಯದ ವಿ.ಸಿ. ಫಾರಂಗೆ ಹೋಗಿದ್ದರಂತೆ. ಕಣದಲ್ಲಿ ಮೂಟೆ ಎರಡು ಪಟ್ಟಾಯಿತು ಅಂತ ಸಾಯುವವರೆಗೂ ಹೇಳುತ್ತಿದ್ದರು. ಎರಡು ಪಟ್ಟು ಕೊಟ್ಟ ತಳಿ ಮಣ್ಣಿಂದಲೂ ಎರಡು ಪಟ್ಟು ತೆಗೆದಿರಬೇಕಲ್ಲ?

ಕೃಷಿ_ಓದು_ಮಂಡ್ಯ
ಹೆಚ್ಚು ಕಡಿಮೆ ಹೌದು. ತಳಿಯ ತಪ್ಪಲ್ಲ, ತುಂಬಿಸದೇ ಇದ್ದದ್ದು ತಪ್ಪು. 100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದಂಶ ಇದೆ. ಮೂಳೆಗೆ ಒಳ್ಳೆಯದು ಅಂತ ತಿನ್ನುತ್ತೇವೆ. ಎಂಟು ಕ್ವಿಂಟಾಲ್‌ಗೆ ಎರಡೂಮುಕ್ಕಾಲು ಕೆಜಿ. ಅದೂ ಮಣ್ಣಿಂದಲೇ ಬಂದದ್ದು. ಮೊದಲು ಸೂಪರ್ ಫಾಸ್ಫೇಟ್ ಹಾಕುತ್ತಿದ್ದರು. ಅದರಲ್ಲಿ ರಂಜಕದ ಜೊತೆ ಸುಣ್ಣದಂಶ, ಶೇ. 11ರಷ್ಟು ಗಂಧಕ ಇತ್ತು. ಡಿಎಪಿಗೆ ಬದಲಾದ ಮೇಲೆ ಎರಡೂ ತಪ್ಪಿದವು. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲಿ ರಾಜ್ಯದ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಗಂಧಕ, ಸತು, ಬೋರಾನ್ ಕೊರತೆಯೇ.

ಬೆದ್ಲು_ಹೊಲ
ಅಪ್ಪ ಸೂಪರ್ ಹಾಕುತ್ತಿದ್ದರು! ಮೂರು ಮೂಟೆ ಹೊರುವ ಬದಲು ಒಂದು ಮೂಟೆ ಸಾಕಲ್ಲ ಅಂತ ಡಿಎಪಿಗೆ ಬದಲಾಯಿಸಿದವನು ನಾನೇ.

ಮಣ್ಣಿನ_ಮೇಷ್ಟ್ರು
ಎಲ್ಲರೂ ಅದನ್ನೇ ಮಾಡಿದ್ದು. ಬೆಲೆಯೂ ಹಾಗೇ ಇದೆ. 2010ರಲ್ಲಿ ಪೋಷಕಾಂಶ ಆಧಾರದ ಸಬ್ಸಿಡಿ ಬಂದಾಗ ಯೂರಿಯಾವನ್ನು ಹೊರಗಿಟ್ಟರು. 45 ಕೆಜಿ ಯೂರಿಯಾ 266 ರೂಪಾಯಿ 50 ಪೈಸೆ. ಪೊಟ್ಯಾಷ್ ಅದರ ಎಷ್ಟೋ ಪಟ್ಟು. ರೈತ ಕೈಗೆ ಯಾವುದು ಸಿಗುತ್ತದೋ ಅದನ್ನು ಎರಚುತ್ತಾನೆ. ನಿಮ್ಮ ಪಿಎಚ್ 5.6ಕ್ಕೆ ಇಳಿದಿರುವುದರಲ್ಲೂ ಯೂರಿಯಾ, ಡಿಎಪಿ ಕೈವಾಡ ಇದೆ.

ಸೋಮನಹಳ್ಳಿ_ಸೊಸೆ
ಯಾರೂ ಅಕ್ಕಡಿ ಬಗ್ಗೆ ಮಾತೇ ಎತ್ತಲಿಲ್ಲ. ನಮ್ಮತ್ತೆ ರಾಗಿ ಹೊಲದಲ್ಲಿ ಆರು ಸಾಲಿಗೆ ಒಂದು ಸಾಲು ಅಕ್ಕಡಿ ಹಾಕಿಸುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಮಧ್ಯೆ ಹುಚ್ಚೆಳ್ಳು, ಅಂಚಿಗೆ ಸಾಸಿವೆ, ಜೋಳ. ಡಿಸೆಂಬರ್ ಬಂದರೆ ಸೊಗಡವರೆ ಬಿಡಿಸಿ ಬಿಡಿಸಿ ಬೆರಳೆಲ್ಲ ಕಪ್ಪು. ಅವರೆ ಎಲೆ ಉದುರಿ ಸಾಲಿನ ಕೆಳಗೆ ಮೆತ್ತಗೆ ಹಾಸಿಗೆ ಥರ ಇರುತ್ತಿತ್ತು. ಬೇರಿನಲ್ಲಿ ಮಣಿ ಮಣಿ ಗಂಟು. ಒಡೆದು ನೋಡಿದರೆ ಒಳಗೆ ಕೆಂಪು ಇರಬೇಕು, ಆಗ ಅದು ಕೆಲಸ ಮಾಡುತ್ತಿದೆ ಅಂತ ಅರ್ಥ.

ಈಗ ಕಳೆನಾಶಕ ಹೊಡೆಯುತ್ತಾರೆ. ಅಗಲ ಎಲೆಯದ್ದೆಲ್ಲ ಸಾಯುತ್ತದೆ. ಅವರೆ ಯಾವುದು, ಕಳೆ ಯಾವುದು ಅಂತ ಆ ಔಷಧಿಗೆ ಗೊತ್ತಾ? ಮೆಷಿನ್ ಕೊಯ್ಲಿಗೂ ಅಕ್ಕಡಿ ಅಡ್ಡ. ಅಲ್ಲಿಗೆ ಮುಗಿಯಿತು. ಅವರೆಕಾಯಿಯನ್ನು ನಾವೇ ಸಂತೆಯಲ್ಲಿ ಕೊಂಡು ತರುತ್ತಿದ್ದೇವೆ.

ನಾಲೆ_ಬಯಲು
ಅವರೆ ನೆನಪು ಮಾಡಿ ಹೊಟ್ಟೆ ಉರಿಸಬೇಡಿ ಅಕ್ಕ. ಹಿತಕವರೆ ಸಾರು, ಮುದ್ದೆ...

ಕುರಿ_ಮಂದೆ
ಹುರುಳಿ ಹಾಕಿದರೆ ಮಣ್ಣು ಚೆನ್ನಾಗುತ್ತದೆ ಅಂತಾರೆ, ಅರ್ಧ ನಿಜ. ನಾವು ಹುರುಳಿಯನ್ನು ಬೇರುಸಮೇತ ಕಿತ್ತು ಕಣಕ್ಕೆ ಹೊರುತ್ತೇವೆ. ಗಂಟು, ಎಲೆ, ಹೊಟ್ಟು ಎಲ್ಲಾ ಕಣಕ್ಕೆ. ಹೊಲಕ್ಕೆ ಉಳಿದದ್ದೇನು? ಕೊಯ್ದರೆ ಬೇರಾದರೂ ಉಳಿಯುತ್ತದೆ.

ಗೊಬ್ಬರ ಎಲ್ಲಿಂದ ತರಲಿ ಅಂತ @ಬೆದ್ಲು_ಹೊಲ ಕೇಳಿದ್ದಕ್ಕೆ ನನ್ನ ಉತ್ತರ: ಹೊಲದಲ್ಲಿ ಕುರಿ ನಿಲ್ಲಿಸಿ. ಬೇಸಿಗೆಯಲ್ಲಿ ಮಂದೆಯವರು ಬರುತ್ತಾರೆ. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ ಜೊತೆ ಗಂಜಲವೂ ನೇರ ಮಣ್ಣಿಗೆ. ತಿಪ್ಪೆಯಲ್ಲಿ ಗಂಜಲ ಹರಿದು ಹಾಳಾಗುತ್ತದೆ, ಇಲ್ಲಿ ಆಗುವುದಿಲ್ಲ. ಬೆಳಿಗ್ಗೆಯೇ ಒಂದು ಸಲ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಬಿಸಿಲಿಗೆ ಬಿಟ್ಟರೆ ಸಾರಜನಕ ವಾಸನೆಯಾಗಿ ಹಾರಿಹೋಗುತ್ತದೆ. ಮೂಗಿಗೆ ಘಾಟು ಬಡಿಯುತ್ತದಲ್ಲ, ಅದು ನಿಮ್ಮ ದುಡ್ಡು.

ಮೈಸೂರು_ಟೆರೇಸ್
ಒಂದು ವರ್ಷ ಹೊಲವನ್ನು ಖಾಲಿ ಬಿಟ್ಟು ರೆಸ್ಟ್ ಕೊಟ್ಟರೆ ಸರಿ ಹೋಗುವುದಿಲ್ಲವಾ?

ಮಣ್ಣಿನ_ಮೇಷ್ಟ್ರು
ಬೋಳು ಬಿಟ್ಟರೆ ಕೆಡುತ್ತದೆ. ಮೇ ತಿಂಗಳ ಮಳೆ ಬೋಳು ಕೆಮ್ಮಣ್ಣಿನ ಮೇಲೆ ಬಿದ್ದರೆ ಹಳ್ಳದಲ್ಲಿ ಕೆಂಪು ನೀರು ಹೋಗುತ್ತದಲ್ಲ, ಅದರಲ್ಲಿ ಹೋಗುವುದು ನುಣ್ಣನೆಯ ಮಣ್ಣು. ಸತ್ವ ಅಂಟಿಕೊಂಡಿರುವುದೇ ಅದಕ್ಕೆ. ಮರಳು ಹಿಂದೆ ಉಳಿಯುತ್ತದೆ. ಬಿಡುವುದಾದರೆ ಹಸಿರೆಲೆ ಗೊಬ್ಬರಕ್ಕೆ ಅಪ್ಸೆಣಬು ಬೀಜ ಚೆಲ್ಲಿ, ಹೂವಿಗೆ ಬಂದಾಗ ಉತ್ತುಬಿಡಿ.

ಹಳ್ಳಿಕಾರ್_ಜೋಡಿ
ಕೆರೆ ಗೋಡು ಹೊಡೆಸಿ. ಹೊಲದಿಂದ ಕೊಚ್ಚಿಹೋದದ್ದೇ ಕೆರೆಯಲ್ಲಿ ಕೂತಿರುವುದು. ವಾಪಸ್ ತಂದುಕೊಂಡ ಹಾಗೆ.

ಕೋಟೆ_ಶುಂಠಿ
ಎಲ್ಲಾ ಕೆರೆಯದೂ ಅಲ್ಲ. ಊರ ಚರಂಡಿ ಸೇರುವ ಕೆರೆಯದು ಬೇಡ. ಒಂದೆರಡು ಅಡಿ ಕೆಳಗೆ ಬರೀ ಮರಳು ಇರುತ್ತದೆ, ಜೆಸಿಬಿಯವನು ಅದನ್ನೂ ಸೇರಿಸಿ ತುಂಬುತ್ತಾನೆ. ಪಕ್ಕದಲ್ಲಿ ನಿಂತು ಹೊಡೆಸಿ. ಪಂಚಾಯ್ತಿಗೂ ಒಂದು ಮಾತು ಕೇಳಿ.

ಸೋಮನಹಳ್ಳಿ_ಸೊಸೆ
ಬೂದಿಯೂ ಹೋಯಿತು ನೋಡಿ. ಸೌದೆ ಒಲೆಯ ಬೂದಿ ದಿನಾ ತಿಪ್ಪೆಗೆ ಬೀಳುತ್ತಿತ್ತು. ಗ್ಯಾಸ್ ಬಂದ ಮೇಲೆ ಬೂದಿ ಎಲ್ಲಿ? ಗ್ಯಾಸ್ ಬೇಡ ಅಂತ ಹೇಳುತ್ತಿಲ್ಲ, ಯಾರಾದರೂ ಹಾಗೆ ಅರ್ಥ ಮಾಡಿಕೊಂಡರೆ ಅವರ ಮನೆಗೇ ಸೌದೆ ಕಳಿಸುತ್ತೇನೆ.

ಮಣ್ಣಿನ_ಮೇಷ್ಟ್ರು
ಬೂದಿಯಲ್ಲಿ ಪೊಟ್ಯಾಷ್, ಸುಣ್ಣ ಎರಡೂ ಇರುತ್ತಿತ್ತು. ಸರಿಯಾದ ಮಾತು.

@ಬೆದ್ಲು_ಹೊಲ, ಈ ಮುಂಗಾರಿಗೆ ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಸರಿಯಾಗಿ ಮಣ್ಣು ತೆಗೆದು ಇನ್ನೊಮ್ಮೆ ಪರೀಕ್ಷೆ. ಡಿಎಪಿ ಬೇಡ. ಎಂಒಪಿ ಎಕರೆಗೆ ಅರ್ಧ ಮೂಟೆ. ಜಿಂಕ್ ಸಲ್ಫೇಟ್ 5 ಕೆಜಿ, ಅದನ್ನು ರಂಜಕದ ಗೊಬ್ಬರದ ಜೊತೆ ಬೆರೆಸಬೇಡಿ. ಬೋರಾಕ್ಸ್ 1 ಕೆಜಿ, ಕಣ್ಣಂದಾಜಿನಲ್ಲಿ ಜಾಸ್ತಿ ಹಾಕಿದರೆ ವಿಷವಾಗುತ್ತದೆ. ಯೂರಿಯಾವನ್ನು ಒಣ ನೆಲದ ಮೇಲೆ ಎರಚಬೇಡಿ, ಮಳೆ ಬಂದು ಹದ ಇದ್ದಾಗ ಕೊಟ್ಟು ಕುಂಟೆ ಹಾಯಿಸಿ. ಬದುವಿನ ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕಡ್ಡಿ ನೆಡಿ, ಎರಡನೇ ವರ್ಷದಿಂದ ಸೊಪ್ಪು ಕಡಿದು ಹೊಲಕ್ಕೆ ಹಾಕಬಹುದು. ಒಂದು ಎಕರೆಗಾದರೂ ಕಡಲೇಕಾಯಿಯೋ ಅಲಸಂದೆಯೋ ಹಾಕಿ.

ಹುಲ್ಲು ಮಾರಬೇಡಿ ಅಂತ ಹೇಳಿದರೆ ನೀವು ಕೇಳುವುದಿಲ್ಲ, ಗೊತ್ತು. ಹುಲ್ಲು ಕೊಳ್ಳುವವರನ್ನು ಗೊಬ್ಬರ ಕೇಳಿ ನೋಡಿ. ಹಾಲಿನ ಹಸು ಸಾಕುವವರಿಗೆ ತಿಪ್ಪೆ ಖಾಲಿ ಮಾಡುವುದೇ ತಲೆನೋವು.

ನಾಲೆ_ಬಯಲು
ಅವರು ಈಗ ತಿಪ್ಪೆಗೂ ರೇಟು ಕಟ್ಟಿದ್ದಾರೆ ಮೇಷ್ಟ್ರೇ, ನೀವು ಯಾವ ಕಾಲದಲ್ಲಿದ್ದೀರಿ.

ಬೆದ್ಲು_ಹೊಲ
ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಹುಲ್ಲು ಒಯ್ಯುವವರ ಹತ್ತಿರ ಮಾತಾಡಿದೆ. ಮೊದಲು ನಕ್ಕರು. ಆಮೇಲೆ, ಹುಲ್ಲಿನ ದುಡ್ಡಲ್ಲಿ ಸ್ವಲ್ಪ ಮುರಿದುಕೊಂಡು ಮೂರು ಲೋಡು ಗೊಬ್ಬರ ಕೊಡಲು ಒಪ್ಪಿದರು. ಸಾಗಿಸುವ ಬಾಡಿಗೆ ನನ್ನದು. ಹೋಗಿ ಕೆದಕಿ ನೋಡಿದೆ. ಮೇಲೆ ಒಣ, ಒಳಗೆ ಇನ್ನೂ ಬಿಸಿ, ಅರ್ಧ ಕೊಳೆತಿಲ್ಲ. ಯುಗಾದಿವರೆಗೆ ಬಿಡುತ್ತೇನೆ.

ಮಣ್ಣು ಮತ್ತೆ ತೆಗೆದೆ. ಹತ್ತು ಗುಂಡಿ. ತಿಪ್ಪೆ ಮೂಲೆಯದನ್ನು ಬೇರೆ ಕವರಿನಲ್ಲಿ ಕೊಟ್ಟಿದ್ದೇನೆ, ನೋಡಲೇಬೇಕು ಅನ್ನಿಸಿತು. ಮಂದೆಯವರು ಎರಡು ರಾತ್ರಿಗೆ ಒಪ್ಪಿದ್ದಾರೆ. ಅಮ್ಮನಿಗೆ ಕುರಿ ವಿಷಯಕ್ಕಿಂತ ಅಕ್ಕಡಿ ವಿಷಯ ಹಿಡಿಸಿದೆ. ಸೊಗಡವರೆ ಬೀಜ ಊರಲ್ಲಿ ಯಾರ ಹತ್ತಿರವೂ ಇಲ್ಲ, ಇರುವುದೆಲ್ಲ ಅಂಗಡಿಯ ಗಿಡ್ಡ ತಳಿ.

ಸೋಮನಹಳ್ಳಿ_ಸೊಸೆ
ನಮ್ಮತ್ತೆ ಮಡಕೆಯಲ್ಲಿ ಬೂದಿ ಹಾಕಿ ಇಟ್ಟದ್ದು ಒಂದು ಸೇರು ಇದೆ. ಹುಳು ಬಿದ್ದಿಲ್ಲ. ಅರ್ಧ ನಿಮಗೆ. ಮುಂದಿನ ವರ್ಷ ಒಂದು ಸೇರು ವಾಪಸ್ ಕೊಡಬೇಕು.

ಮುದ್ದೆ_ಬಸ್ಸಾರು
ಮತ್ತೆ ಆ ಸಗಣಿ ಬಾಚುವ ಫೋಟೋ ಎಲ್ಲಿ @ಹಳ್ಳಿಕಾರ್_ಜೋಡಿ?